ಅಮ್ಮನಿಗೆ ಹೇಳಿದ್ದ ಆರು ಗಂಟೆ

ಲಂಡನ್‌ನ ಹೀಥ್ರೂ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ಸುಮಾರು 5,540 ಕಿಲೋಮೀಟರ್. ವಿಮಾನ ಗಂಟೆಗೆ ಹೆಚ್ಚುಕಮ್ಮಿ 900 ಕಿಲೋಮೀಟರ್ ಹೋಗುತ್ತದೆ. ಭಾಗಿಸಿದರೆ ಆರು ಗಂಟೆ, ಮೇಲೊಂದು ಹತ್ತು ನಿಮಿಷ. ಮೊದಲ ಸಲ ಆ ದಾರಿಯಲ್ಲಿ ಹೊರಟಾಗ ಅಮ್ಮನಿಗೆ ಅಷ್ಟೇ ಹೇಳಿದ್ದೆ. "ಆರು ಗಂಟೆ ಅಮ್ಮ, ಇಳಿದ ತಕ್ಷಣ ಫೋನ್ ಮಾಡ್ತೀನಿ."

ನಾನು ಫೋನ್ ಮಾಡುವಾಗ ಹೊರಟು ಎಂಟೂವರೆ ಗಂಟೆ ದಾಟಿತ್ತು. ಅಷ್ಟು ಹೊತ್ತೂ ಅಮ್ಮ ಫೋನಿನ ಪಕ್ಕದಿಂದ ಎದ್ದಿರಲಿಲ್ಲ. "ಬಂದ್ಯಾ?" ಅಂತ ಕೇಳಿದ ಆ ದನಿ ಇನ್ನೂ ನೆನಪಿದೆ.

ಟಿಕೆಟ್‌ನಲ್ಲೇ ಎಲ್ಲ ಇತ್ತು. ಹೊರಡುವುದು ಬೆಳಿಗ್ಗೆ 11, ತಲುಪುವುದು ಮಧ್ಯಾಹ್ನ 2. ಸುಮ್ನೆ ನೋಡಿದರೆ ಮೂರೇ ಗಂಟೆ. ಆದರೆ ನ್ಯೂಯಾರ್ಕ್ ಗಡಿಯಾರ ಲಂಡನ್‌ಗಿಂತ ಐದು ಗಂಟೆ ಹಿಂದೆ. ಅಲ್ಲಿಗೆ ಎಂಟು ಗಂಟೆ ಆಯಿತಲ್ವಾ? ನಾನು ಅದನ್ನು ಬಿಟ್ಟು ಭಾಗಾಕಾರವನ್ನು ನಂಬಿದ್ದೆ.

ಹಾಗಾದರೆ ಉಳಿದ ಎರಡು ಗಂಟೆ ಎಲ್ಲಿ ಹೋಯಿತು? ಮುಖ್ಯವಾಗಿ ಗಾಳಿಗೆ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುವುದು ಇದಕ್ಕೇ. ವಿಮಾನ ಆ ಹೊಳೆಯಲ್ಲಿನ ದೋಣಿ ಇದ್ದ ಹಾಗೆ. ಎದುರಿನಿಂದ 150 ಕಿಲೋಮೀಟರ್ ವೇಗದ ಗಾಳಿ ಬಂದರೆ ನೆಲದ ಲೆಕ್ಕಕ್ಕೆ ಸಿಗುವುದು 750 ಮಾತ್ರ. ಪ್ರಯಾಣ ಏಳು ಗಂಟೆ ಇಪ್ಪತ್ತು ನಿಮಿಷ ದಾಟುತ್ತದೆ. ಟಿಕೆಟ್‌ನ ಸಮಯದಲ್ಲಿ ರನ್‌ವೇಗೆ ಉರುಳುತ್ತಾ ಹೋಗುವುದು, ಇಳಿದ ಮೇಲೆ ಗೇಟಿಗೆ ಬರುವುದು ಕೂಡ ಸೇರಿರುತ್ತದೆ.

ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗಿತ್ತು, ಏಳೇ ಗಂಟೆಯಲ್ಲಿ ಬಂದೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ಹೊತ್ತಿಗೆ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ 1,300 ಕಿಲೋಮೀಟರ್ ದಾಟಿತ್ತು. ಓದಿದಾಗ ಮೈ ಜುಮ್ಮೆಂದಿತ್ತು.

ದೂರದ ವಿಷಯಕ್ಕೆ ಬಂದರೆ, ನಿಮ್ಮ ಹತ್ತಿರ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆಯಲ್ಲಿ ನೇರವಾಗಿ ಕಾಣುವ ದಾರಿ ಬಿಟ್ಟು ದಾರ ಮೇಲಕ್ಕೆ, ಅಲಾಸ್ಕಾದ ಅಲೂಷಿಯನ್ ದ್ವೀಪಗಳ ಕಡೆಗೆ ಸರಿಯುತ್ತದೆ. ಅದೇ ಹತ್ತಿರದ ದಾರಿ. ಎರಡು ನಿಲ್ದಾಣಗಳ ನಡುವೆ ಇಷ್ಟು ದೂರ ಎಂದು ಹೇಳುವಾಗ ಸಾಮಾನ್ಯವಾಗಿ ಹೇಳುವುದು ಈ ದಾರದ ಉದ್ದವನ್ನೇ.

ದಾರದ ಮೇಲೆಯೇ ಹಾರಲು ಎಲ್ಲ ಸಲವೂ ಆಗುವುದಿಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಹೋಗುವ ವಿಮಾನಗಳು ಉತ್ತರ ಧ್ರುವದ ಕಡೆಯಿಂದ ಸುತ್ತಬೇಕಾಯಿತು. ಒಂಬತ್ತೂವರೆ ಗಂಟೆಯ ದಾರಿ ಸುಮಾರು ಹದಿಮೂರು ಗಂಟೆಯಾಯಿತು. ಊರುಗಳು ಇದ್ದಲ್ಲೇ ಇವೆ, ದಾರವೂ ಅಷ್ಟೇ ಉದ್ದ.

ಕಳೆದ ಸಲ ತಂಗಿ ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಹೊರಟಳು. 15,300 ಕಿಲೋಮೀಟರ್‌ಗೂ ಜಾಸ್ತಿ, ಹದಿನೆಂಟು ಗಂಟೆ ಮೀರಿದ ಹಾರಾಟ. ಈ ಸಲ ನಾನು ಅಮ್ಮನಿಗೆ ಕಿಲೋಮೀಟರ್ ಹೇಳಲೇ ಇಲ್ಲ. ಅವಳು ಇಳಿಯುವ ಸಮಯವನ್ನು ಅಮ್ಮನ ಗಡಿಯಾರಕ್ಕೆ ಹೊಂದಿಸಿ, ಮೇಲೆ ಒಂದೂವರೆ ಗಂಟೆ ಸೇರಿಸಿ, ಚೀಟಿಯಲ್ಲಿ ಬರೆದುಕೊಟ್ಟೆ. "ಇಷ್ಟೊತ್ತಿನ ತನಕ ನಿದ್ದೆ ಮಾಡು" ಅಂದೆ. ಮಾಡಿದರು.