ತೋಡಿನ ಆಚೆಗೆ ಹೋದ ನಮ್ಮ ವಾರ್ಡು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮ ಮನೆಯಿಂದ ಅಂಗನವಾಡಿಗೆ ಐದು ನಿಮಿಷದ ದಾರಿ. ಮೊನ್ನೆ ಮೊನ್ನೆವರೆಗೆ ಗ್ರಾಮಸಭೆ ಅಲ್ಲೇ ಆಗುತ್ತಿತ್ತು. ಈಗ ನಮ್ಮದು ಬೇರೆ ವಾರ್ಡು. ಸಭೆ ನಡೆಯುವುದು ತೋಡಿನ ಆಚೆ, ಗುಡ್ಡೆ ಹತ್ತಿ ಇಳಿದರೆ ಸಿಗುವ ಶಾಲೆಯಲ್ಲಿ. ಬೇಸಿಗೆಯಲ್ಲಾದರೆ ತೋಡಿಗೆ ಇಳಿದು ದಾಟಬಹುದು. ಮಳೆ ಶುರುವಾದರೆ ಅಡಿಕೆ ಮರದ ಸಂಕವೇ ಗತಿ, ಅದಕ್ಕೆ ಹೆದರುವವರು ರಿಕ್ಷಾ ಹಿಡಿದು ಪೇಟೆ ಸುತ್ತಿ ಹೋಗಬೇಕು. ನಮ್ಮ ಅತ್ತೆ ಒಂದು ಸಭೆಯನ್ನೂ ತಪ್ಪಿಸಿದವರಲ್ಲ. ಈ ಸಲ ಹೋಗಲಿಲ್ಲ.

2024ರಲ್ಲಿ ಕೇರಳದಲ್ಲಿ ವಾರ್ಡು ವಿಭಜನೆ ಶುರುವಾಯಿತಲ್ಲ, ಅದರಲ್ಲಿ ಆದದ್ದು ಇದು. ಗ್ರಾಮ ಪಂಚಾಯತಿಗೆ ಕನಿಷ್ಠ 13 ವಾರ್ಡು ಇದ್ದದ್ದು 14 ಆಯಿತು, ಗರಿಷ್ಠ 23 ಇದ್ದದ್ದು 24. ಕಾಸರಗೋಡು ಜಿಲ್ಲಾ ಪಂಚಾಯತಿಯಲ್ಲಿ 17 ಇದ್ದದ್ದು 18. ಒಂದೇ ಒಂದು ಜಾಸ್ತಿ ತಾನೇ ಅನಿಸಬಹುದು. ಆದರೆ ಒಂದು ವಾರ್ಡು ಹೊಸದಾಗಿ ಹುಟ್ಟಬೇಕಾದರೆ ಸುತ್ತಲಿನ ವಾರ್ಡುಗಳ ಗಡಿಯೆಲ್ಲ ಸರಿಯಬೇಕು. ಹಾಗೆ ಸರಿಯುವಾಗ ನಮ್ಮ ಬೈಲು ಎರಡು ತುಂಡಾಯಿತು. ಕನ್ನಡ, ತುಳು ಮಾತಾಡುವ ಮನೆಗಳು ಅರ್ಧ ಆ ಕಡೆ, ಅರ್ಧ ಈ ಕಡೆ.

ಕೇರಳದಲ್ಲಿ ಗ್ರಾಮಸಭೆ ಅಂದರೆ ಇಡೀ ಪಂಚಾಯತಿನದ್ದಲ್ಲ, ವಾರ್ಡಿನದ್ದು. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು, ಹತ್ತರಲ್ಲಿ ಒಬ್ಬರಾದರೂ ಬಂದರೆ ಕೋರಂ. ಮನೆಗೆ, ಹಟ್ಟಿಗೆ, ನೀರಿಗೆ ಸಹಾಯ ಯಾರಿಗೆ ಮೊದಲು ಸಿಗಬೇಕು ಅನ್ನುವ ಪಟ್ಟಿ ಅಲ್ಲಿಗೆ ಬರುತ್ತದೆ. ಮೊದಲು ನಾವು ಅರುವತ್ತು ಎಪ್ಪತ್ತು ಜನ ಕೂತಿರುತ್ತಿದ್ದೆವು, ಪಂಚಾಯತಿ ಸದಸ್ಯರು ಮಲಯಾಳದಲ್ಲಿ ಓದಿ ಕನ್ನಡದಲ್ಲೂ ಹೇಳುತ್ತಿದ್ದರು. ಈಗ ಎರಡೂ ಕಡೆ ನಾವು ಬೆರಳೆಣಿಕೆ. ನಮಗೆ ಮಲಯಾಳ ಬರುವುದಿಲ್ಲ ಅಂತಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ ಅದನ್ನೇ ಮಾತಾಡುತ್ತೇವೆ. ಆದರೆ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಯೋಜನೆಯ ಕಾಗದ ಓದಿ ಪ್ರಶ್ನೆ ಕೇಳುವುದು ಬೇರೆಯೇ ಕೆಲಸ.

ಟಿವಿಯಲ್ಲಿ ಕ್ಷೇತ್ರ ಪುನರ್ವಿಂಗಡಣೆ ಅಂದರೆ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದೇ ಮಾತು. ಲೋಕಸಭೆಯಲ್ಲಿ ಕೇರಳದ 20, ಕರ್ನಾಟಕದ 28, ಎಲ್ಲ 1971ರ ಜನಗಣತಿಯ ಲೆಕ್ಕದಲ್ಲಿ ನಿಂತದ್ದು. 2026ರ ನಂತರದ ಮೊದಲ ಜನಗಣತಿವರೆಗೆ ಅದನ್ನು ಮುಟ್ಟಬಾರದು ಅಂತ ಸಂವಿಧಾನದ 84ನೇ ತಿದ್ದುಪಡಿ ತಡೆ ಹಾಕಿತ್ತು. ಆ ಚರ್ಚೆ ಬೇಡ ಅನ್ನುತ್ತಿಲ್ಲ. ಆದರೆ ರಾಜ್ಯದ ಒಳಗೆ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ನಮ್ಮಂಥವರಿಗೆ ಅದಕ್ಕಿಂತ ಹತ್ತಿರದ ವಿಷಯ.

ವಿಧಾನಸಭೆ, ಲೋಕಸಭೆ ಕ್ಷೇತ್ರಗಳ ಗೆರೆ ಎಳೆಯುವ 2002ರ ಪುನರ್ವಿಂಗಡಣೆ ಕಾಯ್ದೆಯ 9ನೇ ಸೆಕ್ಷನ್ ನೋಡಿ. ಕ್ಷೇತ್ರ ಆದಷ್ಟು ಚದುರದೆ ಒಟ್ಟಾಗಿರುವ ಜಾಗವಾಗಿರಬೇಕು, ಹೊಳೆ ಗುಡ್ಡ ನೋಡಬೇಕು, ಈಗಾಗಲೇ ಇರುವ ಆಡಳಿತದ ಗಡಿ ನೋಡಬೇಕು, ಸಂಚಾರ ಸೌಕರ್ಯ, ಜನರ ಅನುಕೂಲ ನೋಡಬೇಕು. ಎಲ್ಲ ಸರಿಯೇ. ಭಾಷೆಯ ಹೆಸರೇ ಇಲ್ಲ. 2008ರಲ್ಲಿ ಜಾರಿಗೆ ಬಂದ ನಕ್ಷೆಯಲ್ಲಿ ಸುಳ್ಯದ ಗಡಿಗೆ ತಾಗಿದ, ಕನ್ನಡ ತುಳು ಮಾತಾಡುವವರಿರುವ ದೇಲಂಪಾಡಿ ಮಲಯಾಳವೇ ಹೆಚ್ಚಿರುವ ಉದುಮ ವಿಧಾನಸಭಾ ಕ್ಷೇತ್ರದಲ್ಲಿದೆ. ಲೋಕಸಭೆಗೆ ಬಂದರೆ ಮಂಜೇಶ್ವರದಿಂದ ಕಣ್ಣೂರು ಜಿಲ್ಲೆಯ ಪಯ್ಯನ್ನೂರು, ಕಲ್ಯಾಶ್ಶೇರಿವರೆಗೆ ಏಳು ವಿಧಾನಸಭಾ ಕ್ಷೇತ್ರ ಸೇರಿ ಕಾಸರಗೋಡು ಎಂಬ ಒಂದು ಕ್ಷೇತ್ರ. ಇಲ್ಲಿಂದ ರಾಮಣ್ಣ ರೈ, ಐ. ರಾಮ ರೈ ಸಂಸತ್ತಿಗೆ ಹೋದ ಕಾಲ ಇತ್ತು. 1991ರಲ್ಲಿ ರಾಮಣ್ಣ ರೈ ಗೆದ್ದ ಮೇಲೆ ನಮ್ಮ ಭಾಷೆಯವರು ಯಾರೂ ಹೋಗಿಲ್ಲ. ಅದಕ್ಕೆ ಗಡಿಯೇ ಕಾರಣ ಅಂತ ನಾನು ಹೇಳಲಾರೆ, ಪಕ್ಷಗಳ ಲೆಕ್ಕ ಬೇರೆ ಇರುತ್ತದೆ. ಆದರೆ ಗಡಿಯ ತೂಕ ಎಷ್ಟು ಅಂತ ತಿಳಿಯಬೇಕಾದರೆ ಮಂಜೇಶ್ವರ ನೋಡಿದರೆ ಸಾಕು. 2016ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ 89 ಮತ. 2021ರಲ್ಲಿ 745. ಒಂದು ಬೈಲಿನ ಜನ ಆಚೀಚೆ ಆದರೂ ಫಲಿತಾಂಶ ಬದಲಾಗಬಹುದು, ಅಲ್ವಾ?

ಭಾಷೆ ನೋಡಿ ಬೇಲಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಸಪ್ತಭಾಷೆಯ ನೆಲ ಇದು. ನಮ್ಮ ಬೇಲಿಯಾಚೆ ಬ್ಯಾರಿ ಮನೆ, ಅದರಾಚೆ ಮರಾಠಿ ಮನೆ, ಮದುವೆಗೂ ಮರಣಕ್ಕೂ ಎಲ್ಲರೂ ಬೇಕು. ನನ್ನ ಬೇಡಿಕೆ ಚಿಕ್ಕದು. ಒಟ್ಟಿಗೆ ಇರುವ ಒಂದು ಭಾಷೆಯ ಮನೆಗಳನ್ನು ಸುಮ್ನೆ ತುಂಡು ಮಾಡಿ ಎರಡು ಕಡೆಯೂ ಅಲ್ಪಸಂಖ್ಯಾತರನ್ನಾಗಿ ಮಾಡಬೇಡಿ. ಆ ಮಾತು ಕಾಯ್ದೆಯಲ್ಲೇ ಬರಲಿ. ಮತ್ತೆ ಹೊಸ ಗಡಿಯ ಕರಡು ಪಟ್ಟಿ ಕನ್ನಡದಲ್ಲೂ ಬರಲಿ. ನಮ್ಮ ಕೈಗೆ ಸಿಕ್ಕಿದ ಪಟ್ಟಿ ಮಲಯಾಳದಲ್ಲಿತ್ತು. ಓದಿಸಿ, ಅರ್ಥ ಮಾಡಿಕೊಂಡು, ಆಕ್ಷೇಪ ಬರೆಯುವಷ್ಟರಲ್ಲಿ ದಿನ ಮುಗಿಯುತ್ತಾ ಬಂದಿತ್ತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿತು. ಊರಿನ ಗಡಿ ಬದಲಾಗುವಾಗಲೇ ಆ ಹಕ್ಕು ಸಿಗದಿದ್ದರೆ ಇನ್ಯಾವಾಗ?

ವಿಧಾನಸಭೆ, ಲೋಕಸಭೆಯ ಮುಂದಿನ ಗೆರೆಗಳು ಬೀಳುವಾಗ ತಡವಾಗಬಾರದು. ಪುನರ್ವಿಂಗಡಣಾ ಆಯೋಗದ ಆದೇಶ ಗಜೆಟ್‌ನಲ್ಲಿ ಬಂದ ಮೇಲೆ ಅದು ಕಾನೂನೇ. ಹಾಗಾಗಿ ಆಕ್ಷೇಪ ಹೇಳುವುದು ಕರಡು ಇರುವಾಗಲೇ ಆಗಬೇಕು. ಕಳೆದ ಭಾನುವಾರ ನಾವು ಐದಾರು ಮನೆಯವರು ಕೂತು ಬೈಲಿನ ನಕ್ಷೆ ಬರೆದೆವು. ಸಂಕ ಎಲ್ಲಿದೆ, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತದೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಯಾವ ಮನೆಯಲ್ಲಿ ಯಾವ ಭಾಷೆ, ಎಲ್ಲ ಗುರುತು ಹಾಕಿದ್ದೇವೆ. ಅತ್ತೆ ಹಳೇ ಕಾಲುದಾರಿಗಳನ್ನೆಲ್ಲ ನೆನಪು ಮಾಡಿ ಹೇಳಿದರು. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮ್ಮ ಊರಿನದ್ದನ್ನೂ ಬರೆದಿಡಿ. ನಮ್ಮ ನಕ್ಷೆಯ ಫೋಟೋ ಬೇಕಾದರೆ ಕಳಿಸುತ್ತೇನೆ.