ಬೋಟ್ ಸ್ಲೋ ಅಂತ ದೊಡ್ಡ ಮೋಟರ್ ತಗೊಳ್ಳೋಕ್ ಮುಂಚೆ

ಹತ್ತು ಹದಿನೈದು ಹೆಚ್‌ಪಿ ಔಟ್‌ಬೋರ್ಡ್ (ಬೋಟ್ ಹಿಂದೆ ಹೊರಗಡೆ ಸಿಕ್ಕಿಸೋ ಮೋಟರ್) ಇಟ್ಕೊಂಡಿರೋರು ಬೋಟ್ ಯಾಕೋ ಎಳೀತಿಲ್ಲ ಅನ್ಸಿದ ತಕ್ಷಣ ಇಪ್ಪತ್ತೈದು ಹೆಚ್‌ಪಿ ರೇಟ್ ನೋಡೋಕ್ ಶುರು ಮಾಡ್ತಾರೆ, ಆದ್ರೆ ಇರೋ ಮೋಟರ್ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹೊಡೀತಿದೆ ಅಂತ ಕೇಳಿದ್ರೆ ಗೊತ್ತಿರಲ್ಲ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತೋ ಪುಟ್ಟ ಟ್ಯಾಕೋಮೀಟರ್ ಸಿಗುತ್ತೆ, ಅದೊಂದು ಹಾಕ್ಕೊಳ್ಳಿ, ಅದಿಲ್ದೆ ಮಿಕ್ಕಿದ್ದೆಲ್ಲ ಬರೀ ಊಹೆ.

ಮ್ಯಾನುಯಲ್‌ನಲ್ಲಿ ಫುಲ್ ಥ್ರಾಟಲ್ ರೇಂಜ್ ಕೊಟ್ಟಿರ್ತಾರೆ, ಎಷ್ಟೋ ಸಣ್ಣ ಫೋರ್ ಸ್ಟ್ರೋಕ್‌ಗಳಲ್ಲಿ 5000ರಿಂದ 6000. ನೀವು ಯಾವಾಗ್ಲೂ ಹಾಕೋ ಲೋಡ್‌ನಲ್ಲೇ 4600ಕ್ಕೆ ನಿಂತೋಗ್ತಿದೆ ಅಂದ್ರೆ ಪ್ರೊಪೆಲ್ಲರ್ ಪಿಚ್ (ಜಾರದೆ ಹೋದ್ರೆ ಒಂದ್ ಸುತ್ತಿಗೆ ಅದು ಮುಂದೆ ಹೋಗೋ ದೂರ) ಜಾಸ್ತಿ ಆಗಿರಬಹುದು, ಒಂದ್ ಇಂಚು ಕಮ್ಮಿ ಪಿಚ್ ಹಾಕಿದ್ರೆ ಸುಮಾರು 200 ಆರ್‌ಪಿಎಂ ಏರುತ್ತೆ. ಜಾಸ್ತಿ ಪಿಚ್ ಹಾಕಿದ್ರೆ ಜಾಸ್ತಿ ಸ್ಪೀಡ್ ಅಂತ ತುಂಬ ಜನ ಅಂದ್ಕೋತಾರೆ, ಮೋಟರ್‌ಗೆ ಅದನ್ನ ತಿರುಗ್ಸೋ ತಾಕತ್ತಿದ್ರೆ ಮಾತ್ರ ಅದು ನಿಜ. ಲೆಕ್ಕ ಸಿಂಪಲ್ಲು: 5500 ಆರ್‌ಪಿಎಂ, ಗೇರ್ ರೇಶಿಯೋ 2 (ಮೋಟರ್ ಎರಡು ಸುತ್ತಿಗೆ ಪ್ರೊಪೆಲ್ಲರ್ ಒಂದ್ ಸುತ್ತು), ಪಿಚ್ 9 ಇಂಚು ಅಂದ್ಕೊಳ್ಳಿ, ಸ್ವಲ್ಪಾನೂ ಜಾರದೆ ಹೋದ್ರೆ ಗಂಟೆಗೆ 37 ಕಿಲೋಮೀಟರ್ ಮೇಲೆ ಬರುತ್ತೆ, ನೀರಲ್ಲಿ ಹತ್ತಿಪ್ಪತ್ತು ಪರ್ಸೆಂಟ್ ಸ್ಲಿಪ್ ಹೋಗೇ ಹೋಗುತ್ತೆ, ಸೋ 30ರಿಂದ 33. ಆರ್‌ಪಿಎಂ ಸರಿಯಾಗಿದ್ದು ಜಿಪಿಎಸ್‌ನಲ್ಲಿ 22 ತೋರಿಸ್ತಿದ್ರೆ ತಪ್ಪು ಬೇರೆಲ್ಲೋ ಇದೆ.

ಆ ಬೇರೆಲ್ಲೋ ಅನ್ನೋದು ಮುಕ್ಕಾಲು ಪಾಲು ತೂಕನೇ. ಟಿಲ್ಲರ್ (ಮೋಟರ್‌ನ ಹಿಡಿ) ಹಿಡಿದು ಓಡ್ಸೋ ಬೋಟಲ್ಲಿ ಮೋಟರ್ ಹಿಂದೆ, ಟ್ಯಾಂಕ್ ಹಿಂದೆ, ಬ್ಯಾಟರಿ ಹಿಂದೆ, ಸಾಲದು ಅಂತ ಓಡ್ಸೋ ನಾವೂ ಹಿಂದೆ, ಮೂತಿ ಆಕಾಶ ನೋಡ್ತಾ ತನ್ನದೇ ಅಲೆ ಹತ್ತಕ್ಕಾಗ್ದೆ ಒದ್ದಾಡುತ್ತೆ. ಇದ್ರ ಜೊತೆ ತಳದಲ್ಲಿ ಇಪ್ಪತ್ತು ಲೀಟರ್ ನೀರು ನಿಂತಿದ್ರೆ ಅದೇ ಇಪ್ಪತ್ತು ಕೇಜಿ, ಥ್ರಾಟಲ್ ತಿರುಗ್ಸಿದ ಕ್ಷಣ ಅಷ್ಟೂ ನೀರು ಹಿಂದಕ್ಕೆ ಓಡೋಗಿ ಹಿಂಭಾಗ ಮೇಲೇಳ್ಬೇಕಾದ ಟೈಮಲ್ಲೇ ಕೂತ್ಬಿಡುತ್ತೆ. ಟ್ಯಾಂಕ್, ಬ್ಯಾಟರಿ ಮುಂದಕ್ಕೆ ತಳ್ಳಿ, ಟಿಲ್ಲರ್‌ಗೆ ಎಕ್ಸ್‌ಟೆನ್ಶನ್ ಹಾಕಿ ನೀವೂ ನಡುವೆ ಬನ್ನಿ, ಇಷ್ಟಕ್ಕೇ ಪ್ಲೇನಿಂಗ್‌ಗೆ (ನೀರಿನ ಮೇಲೆ ಎದ್ದು ಜಾರೋ ಹಂತಕ್ಕೆ) ಬಂದ್ಬಿಟ್ಟಿರೋ ಬೋಟ್‌ಗಳಿವೆ. ತೀರಾ ಮುಂದೆ ತಳ್ಳಿದ್ರೆ ಮೂತಿ ನೀರು ಉಳುತ್ತೆ, ಅದೂ ಬೇಡ.

ಆಮೇಲೆ ಮೋಟರ್ ಎತ್ತರ. ಪ್ರೊಪೆಲ್ಲರ್ ಮೇಲಿರೋ ಆಂಟಿ ವೆಂಟಿಲೇಶನ್ ಪ್ಲೇಟು ಬೋಟ್ ತಳದ ಲೆವೆಲ್‌ಗೆ ಅಥ್ವಾ ಚೂರು ಮೇಲೆ ಇರ್ಬೇಕು, ಒಂದ್ ನೇರ ಪಟ್ಟಿ ತಳಕ್ಕೆ ಒತ್ತಿ ಹಿಡಿದ್ರೆ ಗೊತ್ತಾಗುತ್ತೆ. ಎರಡು ಇಂಚು ಕೆಳಗಿದ್ರೆ ಮೋಟರ್ ಕಾಲಿನ ಅಷ್ಟೂ ಭಾಗನ ನೀರಲ್ಲಿ ಸುಮ್ನೆ ಎಳ್ಕೊಂಡು ಹೋಗ್ತಿದೀರ ಅಂತ ಅರ್ಥ. ಟ್ರಾನ್ಸಮ್ (ಮೋಟರ್ ಕೂರೋ ಬೋಟಿನ ಹಿಂದಿನ ಹಲಗೆ) ಮೇಲೆ ತೆಳು ಪ್ಯಾಕಿಂಗ್ ಇಟ್ಟು ಕಾಲಿಂಚು ಕಾಲಿಂಚು ಎತ್ತಿ, ಕ್ಲ್ಯಾಂಪ್ ಮತ್ತೆ ಟೈಟ್ ಮಾಡಿ, ತಿರುವಲ್ಲಿ ಗಾಳಿ ಎಳ್ಕೊಂಡು ಆರ್‌ಪಿಎಂ ಕಿರ್ ಅಂತ ಏರಿದ್ರೆ ಒಂದ್ ಹಂತ ಇಳ್ಸಿ. ಕೂಲಿಂಗ್ ನೀರಿನ ಧಾರೆ ಬರ್ತಾನೇ ಇರ್ಬೇಕು, ಅದು ಸಣ್ಣಗಾದ್ರೆ ಎತ್ತಿದ್ದು ಜಾಸ್ತಿ ಆಯ್ತು. ಮೋಟರ್ ಎಷ್ಟು ಓರೆ ನಿಲ್ಬೇಕು ಅಂತ ತೀರ್ಮಾನಿಸೋ ಟಿಲ್ಟ್ ಪಿನ್ನೂ ಹಾಗೇ ಒಂದೊಂದೇ ತೂತು ಬದಲಾಯ್ಸಿ ನೋಡಿ, ಬೋಟ್ ಕುಪ್ಪಳ್ಸೋಕ್ ಶುರು ಆದ್ರೆ ಒಂದ್ ತೂತು ಒಳಗೆ, ಬೋಟ್ ಕಡೆಗೆ.

ತಳದ ಪಾಚಿ, ಪ್ರೊಪೆಲ್ಲರ್ ಅಂಚಿನ ಸೊಟ್ಟ, ಇವೆಲ್ಲ ಹೇಳ್ಬೇಕಾಗಿಲ್ಲ. ಗುಂಡು ತಳದ ಬೋಟಾದ್ರೆ ಮಾತ್ರ ಇದ್ಯಾವ್ದೂ ಅಷ್ಟಾಗಿ ನಡೆಯಲ್ಲ, 16 ಅಡಿ ನೀರ್ಗೆರೆ (ನೀರಿನ ಮಟ್ಟದಲ್ಲಿ ಬೋಟಿನ ಉದ್ದ) ಇದ್ರೆ ಗಂಟೆಗೆ 10 ಕಿಲೋಮೀಟರ್ ಆಸುಪಾಸಿಗೆ ಅದ್ರ ಕಥೆ ಮುಗೀತು, ಮೋಟರ್ ಎಷ್ಟು ದೊಡ್ಡದಾದ್ರೂ.

ಇನ್ನೊಂದು, ಎಕ್ಸ್‌ಟೆನ್ಶನ್ ಹಾಕಿ ಮುಂದೆ ಕೂತಾಗ ಕಿಲ್ ಸ್ವಿಚ್ (ದಾರ ಎಳೆದ್ರೆ ಮೋಟರ್ ನಿಲ್ಸೋ ಸ್ವಿಚ್) ದಾರ ಕೈಗೆ ಎಟುಕಲ್ಲ ಅಂತ ಕೆಲವ್ರು ಅದನ್ನ ಮೋಟರ್‌ಗೇ ಸುತ್ತಿಟ್ಬಿಡ್ತಾರೆ. ನೀವು ನೀರಿಗೆ ಬಿದ್ರೆ ಖಾಲಿ ಬೋಟು ಗುಂಡಗೆ ಸುತ್ಕೊಂಡು ಪ್ರೊಪೆಲ್ಲರ್ ಸಮೇತ ನಿಮ್ಮ ಕಡೆಗೇ ಬರುತ್ತೆ, ಸ್ವಲ್ಪ ಉದ್ದದ ದಾರ ತಗೊಂಡು ಮಣಿಕಟ್ಟಿಗೆ ಕಟ್ಕೊಳ್ಳಿ.