ಸೊಂಟದ ಪಿಸ್ತೂಲು, ಬಾಗಿಲ ಬೋರ್ಡು

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ತುಂಬಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೂ ನಾನು ಲೈಸೆನ್ಸ್ ಮಾಡಿಸಿದೆ. ಅದಕ್ಕೆ ಕಾನೂನಿನ ಪಾಠ ಕೇಳಬೇಕು. 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ತೋರಿಸಬೇಕು. ಇಷ್ಟೂ ಬೇಡ ಅನ್ನೋರು ಬಂದೂಕಿನ ಸಹವಾಸಕ್ಕೇ ಹೋಗದಿದ್ದರೆ ಒಳ್ಳೇದು.

ಪಿಸ್ತೂಲಿಗಿಂತ ಜಾಸ್ತಿ ತಲೆ ತಿಂದದ್ದು ಹೋಲ್‌ಸ್ಟರ್, ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲಿನ ಒರೆ. ಮೆತ್ತಗಿನದು ಬೇಡವೇ ಬೇಡ, ಮಡಚಿಕೊಂಡು ಟ್ರಿಗರ್ ಸಂದಿಗೆ ನುಗ್ಗಬಹುದು. ನನ್ನದು ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನದು, ಟ್ರಿಗರ್ ಪೂರ್ತಿ ಮುಚ್ಚುತ್ತದೆ. ಪಿಸ್ತೂಲು ವಾಪಸ್ ಇಡುವಾಗ ಅಂಗಿ ಮೇಲೆತ್ತಿ ಹಿಡಿದು, ಬೆರಳು ದೂರ ಇಟ್ಟು, ನೋಡಿಕೊಂಡೇ ನಿಧಾನವಾಗಿ ಇಳಿಸುತ್ತೇನೆ. ಜಾಕೆಟ್ಟಿನ ದಾರದ ತುದಿ ಟ್ರಿಗರಿಗೆ ಸಿಕ್ಕಿಕೊಂಡರೂ ಗುಂಡು ಹಾರಬಹುದು. ಅವಸರ ಯಾಕೆ, ಅಲ್ವಾ?

ಆಮೇಲೆ ಬಾಗಿಲ ಬೋರ್ಡು. 30.06 ಅಂತ, ಅಂದರೆ ಟೆಕ್ಸಾಸ್ ಕಾನೂನಿನ ಆ ಕಲಮಿನ ನಂಬರು ಹಾಕಿದ್ದರೆ ಲೈಸೆನ್ಸ್ ಇದ್ದವರೂ ಪಿಸ್ತೂಲು ಬಚ್ಚಿಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಕೆಂಪು ಅಕ್ಷರದ 51 ಕಂಡರೆ ಅದು ಹೆಚ್ಚಾಗಿ ಕುಡಿತದಿಂದಲೇ ದುಡ್ಡು ಮಾಡುವ ಜಾಗ. ಅಲ್ಲೂ ಇಲ್ಲ.

ಎಚ್-1ಬಿ ವೀಸಾದ ಗೆಳೆಯರು, ನಾವೂ ಬಂದೂಕು ಇಟ್ಟುಕೊಳ್ಳಬಹುದಾ ಅಂತ ಆಗಾಗ ಕೇಳುತ್ತಾರೆ. ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಅವರಿಗೆ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ನಾನು ಕೊಂಡದ್ದು ಗ್ರೀನ್ ಕಾರ್ಡ್ ಬಂದ ಮೇಲೆಯೇ.

ಯುಗಾದಿ ಊಟಕ್ಕೆ ಅವರ ಮನೆಗೆ ಹೋದರೆ ಮಕ್ಕಳೆಲ್ಲ ಮೈಮೇಲೇ ಹತ್ತುತ್ತವೆ. ಅವತ್ತು ಪಿಸ್ತೂಲು ನಮ್ಮನೆ ಲಾಕರಿನಲ್ಲೇ ಇರುತ್ತದೆ.